ಒಂದೂವರೆ ತಿಂಗಳಾಗಿದ್ದರೆ ಇನ್ನೂ ಕಾಯಬೇಡಿ

ಮೇಲಿನ ದವಡೆ ಹಲ್ಲು ಕೀಳಿಸಿ ಒಂದೂವರೆ ತಿಂಗಳಾದರೂ ಕಾಫಿ ಕುಡಿದರೆ ಮೂಗಿಗೆ ಬರುತ್ತದೆ, ಆಪರೇಷನ್ ಬೇಕೇ ಬೇಕಾ ಅಂತ ಕೇಳಿದ್ದೀರಿ. ಬೇಕಾಗುತ್ತದೆ ಸಾರ್. ಹಲ್ಲು ಕಿತ್ತ ಜಾಗದಿಂದ ಸೈನಸ್‌ಗೆ, ಅಂದರೆ ಕೆನ್ನೆಯ ಹಿಂದೆ ಮೂಗಿಗೆ ಸೇರಿಕೊಂಡಿರುವ ಟೊಳ್ಳು ಜಾಗಕ್ಕೆ, ತೂತು ಬಿದ್ದಾಗ ಹೀಗಾಗುತ್ತದೆ. 2 ಮಿಲಿಮೀಟರ್‌ಗಿಂತ ಚಿಕ್ಕ ತೂತು ಸಾಮಾನ್ಯವಾಗಿ ತಾನಾಗೇ ಮುಚ್ಚಿಕೊಳ್ಳುತ್ತದೆ, ಆದರೆ ಇಷ್ಟು ದಿನ ಉಳಿದರೆ ದಾರಿಯ ಒಳಗೆಲ್ಲ ಚರ್ಮದಂಥ ಪದರ ಬೆಳೆದಿರುತ್ತದೆ, ಅದನ್ನು ಕತ್ತರಿಸಿ ತೆಗೆಯದೆ ಸುಮ್ನೆ ಹೊಲಿದರೆ ನಿಲ್ಲುವುದಿಲ್ಲ.

ನಮ್ಮಮ್ಮನಿಗೆ ಹಾಸನದಲ್ಲೇ ಮಾಡಿಸಿದೆವು. ಮೊದಲು ಸೈನಸ್‌ನ ಕೀವಿಗೆ ಔಷಧಿ, ಅದು ವಾಸಿಯಾದ ಮೇಲೆ ಕೆನ್ನೆ ಒಳಗಿನ ಕೊಬ್ಬನ್ನು ಎಳೆದು ತೂತಿನ ಮೇಲೆ ಹೊಲಿದರು. ಆಮೇಲಿನ ಎರಡು ವಾರವೇ ಮುಖ್ಯ. ಒತ್ತಿ ಸಿಂಬಳ ತೆಗೆಯಬಾರದು, ಸ್ಟ್ರಾ ಬೇಡ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಮೆಣಸಿನಕಾಯಿ ಒಗ್ಗರಣೆ ಘಾಟಿಗೆ ಹೆದರಿ ಅಮ್ಮನನ್ನು ಅಡುಗೆಮನೆಗೇ ಬಿಡಲಿಲ್ಲ. ತೂತು ಮುಚ್ಚಿದೆಯಾ ಅಂತ ಮೂಗು ಹಿಡಿದು ಊದಿ ನೋಡುವುದನ್ನು ದಯವಿಟ್ಟು ಇವತ್ತೇ ನಿಲ್ಲಿಸಿ, ತೂತು ಜಾಸ್ತಿ ಆಗಬಹುದು.