ವಾರಂಟಿ ಮುಗಿದ ಮೇಲೆ ಎಂಜಿನ್ ಜಾಮ್ ಆಗಿದೆ, ಕಂಪನಿ ಕೈ ತೊಳೆದುಕೊಂಡಿದೆ. ಏನಾದರೂ ಮಾಡಬಹುದಾ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾಗಿದ್ದು ಇಷ್ಟು. ಐದು ವರ್ಷದ ಟರ್ಬೊ ಪೆಟ್ರೋಲ್ ಕಾರು, 72,000 ಕಿ.ಮೀ. ಓಡಿದೆ, ವಾರಂಟಿ ಮುಗಿದು ಎಂಟು ತಿಂಗಳಾಗಿದೆ. ಓಡುತ್ತಿದ್ದಾಗಲೇ ಕೆಳಗಿನಿಂದ ಕಟಕಟ ಸದ್ದು ಬಂದು ಎಂಜಿನ್ ನಿಂತಿತು. ಸರ್ವಿಸ್ ಸೆಂಟರ್‌ನವರು ಸಂಪ್ (ಎಂಜಿನ್ನಿನ ತಳದ ಆಯಿಲ್ ತೊಟ್ಟಿ) ಕೂಡ ಬಿಚ್ಚದೆ "ಆಯಿಲ್ ಸರಿಯಾಗಿ ಬದಲಾಯಿಸಿಲ್ಲ, ಹೊಸ ಎಂಜಿನ್ನೇ ಹಾಕಬೇಕು" ಅಂದಿದ್ದಾರೆ. ಒಂದು ಸರ್ವಿಸ್ ಹೊರಗಿನ ಗ್ಯಾರೇಜಿನಲ್ಲಿ ಆಗಿದೆ.

ಎಂಜಿನ್ ಬಿಚ್ಚಲು ಒಪ್ಪಿಗೆ ಕೊಟ್ಟುಬಿಟ್ಟಿದ್ದರೆ ಇವತ್ತೇ ಇಮೇಲ್ ಹಾಕಿ ತಡೆಯಿರಿ. ಜಗಳ ವಾರಂಟಿಯ ತಾರೀಖಿನದ್ದು ಅನ್ನಿಸಬಹುದು, ಆದರೆ ತಾರೀಖಿನ ವಿಷಯದಲ್ಲಿ ಅವರು ಗೆದ್ದಾಗಿದೆ. ನಿಮಗೆ ಉಳಿದಿರುವ ಪ್ರಶ್ನೆ ಒಂದೇ: ಯಾವ ಭಾಗ ಮೊದಲು ಕೆಟ್ಟಿತು, ಯಾಕೆ ಕೆಟ್ಟಿತು? ಅದಕ್ಕೆ ಸಾಕ್ಷಿ ಇರುವುದು ಆ ಎಂಜಿನ್ನಿನ ಒಳಗೆ. ಹೊಸ ಎಂಜಿನ್ ಹಾಕಿದಾಗ ಹಳೆಯದನ್ನು ಎಕ್ಸ್‌ಚೇಂಜ್ ಲೆಕ್ಕದಲ್ಲಿ ಕಂಪನಿಗೆ ವಾಪಸ್ ಕಳಿಸುವುದು ಮಾಮೂಲು. ಅದು ಹೋದರೆ ಕೇಸೂ ಹೋದ ಹಾಗೆಯೇ. "ಯಾವ ಭಾಗವನ್ನೂ, ಆಯಿಲ್ ಮತ್ತು ಫಿಲ್ಟರ್ ಸೇರಿ, ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಬಿಸಾಡಬಾರದು, ಹೊರಗೆ ಕಳಿಸಬಾರದು" ಅಂತ ಬರೆದು, ಅದೇ ಮಾತನ್ನು ಜಾಬ್ ಕಾರ್ಡಿನ ಮೇಲೂ ಬರೆಸಿ. ಗಾಡಿ ಅಲ್ಲೇ ನಿಂತಿದ್ದರೆ ದಿನದ ಪಾರ್ಕಿಂಗ್ ಚಾರ್ಜ್ ಎಷ್ಟು, ಯಾವತ್ತಿನಿಂದ ಅಂತಲೂ ಕೇಳಿಡಿ. ತಿಂಗಳುಗಟ್ಟಲೆ ಎಳೆದರೆ ಅದೇ ದೊಡ್ಡ ಬಿಲ್ ಆಗುತ್ತದೆ.

ಬಿಚ್ಚುವ ಮೊದಲು ಸ್ಕ್ಯಾನರ್ ಹಾಕಿಸಿ ಫಾಲ್ಟ್ ಕೋಡ್‌ಗಳನ್ನೂ ಅವುಗಳ ಫ್ರೀಜ್ ಫ್ರೇಮನ್ನೂ ಪ್ರಿಂಟ್ ತೆಗೆಸಿಕೊಳ್ಳಿ. ಕೋಡ್ ದಾಖಲಾದ ಕ್ಷಣದಲ್ಲಿ ಎಂಜಿನ್ ವೇಗ, ಲೋಡ್, ಕೂಲಂಟ್ ತಾಪ ಎಷ್ಟಿತ್ತು ಅನ್ನುವುದು ಅದರಲ್ಲಿರುತ್ತದೆ. ಪಿ0524 ಇದ್ದರೆ ಆಯಿಲ್ ಒತ್ತಡ ಕುಸಿದಿತ್ತು ಅಂತ, ಪಿ0016 ಇದ್ದರೆ ವಾಲ್ವ್ ತೆರೆಯುವ ಕ್ಯಾಮ್ ಮತ್ತು ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ನ ಹೊಂದಾಣಿಕೆ ತಪ್ಪಿತ್ತು ಅಂತ. ಕೂಲಂಟ್ ತಾಪ 90 ಡಿಗ್ರಿಯ ಆಸುಪಾಸಿನಲ್ಲೇ ಇದ್ದರೆ "ಬಿಸಿಯಾದರೂ ಓಡಿಸಿದ್ದೀರಿ" ಅನ್ನುವ ವಾದಕ್ಕೆ ಬಲವಿಲ್ಲ. ಕೋಡ್ ಅಳಿಸಿದರೆ ಫ್ರೀಜ್ ಫ್ರೇಮೂ ಅಳಿಯುತ್ತದೆ, ಕೆಲವು ಗಾಡಿಗಳಲ್ಲಿ ಬ್ಯಾಟರಿ ಕಳಚಿದರೂ ಹೋಗುತ್ತದೆ.

ಆಮೇಲೆ ಆಯಿಲ್. ಡಿಪ್‌ಸ್ಟಿಕ್ ಒರೆಸಿ, ಮತ್ತೆ ಅದ್ದಿ, ಮಟ್ಟ ಕಾಣುವಂತೆ ಫೋಟೊ ತೆಗೆಯಿರಿ. ಮುಂದಿನ ಫೋಟೊದಲ್ಲೇ ಚಾಸಿ ನಂಬರ್, ಓಡೊಮೀಟರ್ ಇರಲಿ. ಇಳಿಸುವಾಗ ಅಳತೆ ಪಾತ್ರೆಗೇ ಇಳಿಸಲಿ. ಕೈಪಿಡಿಯಲ್ಲಿ 4.2 ಲೀಟರ್ ಅಂತಿದ್ದು 3.9 ಸಿಕ್ಕರೆ "ಆಯಿಲ್ ಇರಲಿಲ್ಲ" ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಒಂದೂವರೆ ಲೀಟರ್ ಮಾತ್ರ ಸಿಕ್ಕರೆ ನಿಮ್ಮ ಪಕ್ಷ ಕಷ್ಟದಲ್ಲಿದೆ. ಆದರೂ ಎಂಜಿನ್ ಆಯಿಲ್ ಕುಡಿಯುತ್ತಿತ್ತೇ ಅನ್ನುವ ಪ್ರಶ್ನೆ ಇದ್ದೇ ಇರುತ್ತದೆ. ಮೊದಲು ಧುಮುಕುವ ಆಯಿಲ್‌ನಲ್ಲಿ ತಳದ ಕೊಳೆ ಇರುತ್ತದೆ, ಅದನ್ನು ಬಿಟ್ಟು ನಡುವಿನ ಧಾರೆಯಿಂದ 100 ಮಿ.ಲೀ.ನಂತೆ ಎರಡು ಒಣ, ಸ್ವಚ್ಛ ಬಾಟಲಿಗೆ ಹಿಡಿಯಿರಿ. ಒಂದು ಲ್ಯಾಬಿಗೆ, ಇನ್ನೊಂದು ಸೀಲ್ ಮಾಡಿ ನಿಮ್ಮ ಹತ್ತಿರ. ವರದಿಯಲ್ಲಿ ತಾಮ್ರ, ಸೀಸ, ತವರ ಹೆಚ್ಚಿದ್ದರೆ ಬೇರಿಂಗ್ ಸವೆದಿದೆ. ಅಲ್ಯುಮಿನಿಯಂ ಆದರೆ ಪಿಸ್ಟನ್ ಕಡೆ ನೋಡಬೇಕು, ಈಗಿನ ಕೆಲವು ಬೇರಿಂಗ್‌ಗಳೂ ಅಲ್ಯುಮಿನಿಯಂನವೇ. ಸೋಡಿಯಂ ಪೊಟ್ಯಾಸಿಯಂ ಏರಿದ್ದರೆ ಕೂಲಂಟ್ ಬೆರೆತಿರುವ ಶಂಕೆ. ಸಿಲಿಕಾನ್ ಧೂಳಿನ ಗುರುತು, ಆದರೆ ಗ್ಯಾಸ್ಕೆಟ್ ಸೀಲಂಟ್‌ನಿಂದಲೂ ಬರುತ್ತದೆ. ಸ್ನಿಗ್ಧತೆ ಮತ್ತು ಪೆಟ್ರೋಲ್ ಬೆರಕೆಯ ಪ್ರಮಾಣವನ್ನೂ ಕೇಳಿ. ನೇರ ಇಂಜೆಕ್ಷನ್ ಇರುವ ಟರ್ಬೊ ಎಂಜಿನ್‌ಗಳಲ್ಲಿ ಪೆಟ್ರೋಲ್ ಬೆರೆತು ಆಯಿಲ್ ತೆಳುವಾಗುವುದು ಹೊಸ ವಿಷಯವೇನಲ್ಲ. ಡಬ್ಬಿ ಥರದ ಫಿಲ್ಟರ್ ಆದರೆ, ಒಳಗಿನ ಲೋಹದ ಚೂರು ನೋಡಲು ಅದನ್ನು ಗರಗಸದಿಂದ ಕೊಯ್ಯಲು ಬಿಡಬೇಡಿ. ಗರಗಸದ ಪುಡಿಯೇ ಒಳಗೆ ಬಿದ್ದು ಪರೀಕ್ಷೆ ಹಾಳಾಗುತ್ತದೆ.

ಬಿಚ್ಚುವ ದಿನ ನಿಮ್ಮ ಕಡೆಯಿಂದ ಸ್ವತಂತ್ರ ಆಟೊಮೊಬೈಲ್ ಎಂಜಿನಿಯರ್ ಒಬ್ಬರು ಇರಲೇಬೇಕು. ವಿಮಾ ಸರ್ವೆ ಮಾಡುವವರು, ಕೋರ್ಟಿಗೆ ವರದಿ ಕೊಟ್ಟು ಅಭ್ಯಾಸ ಇರುವವರು ಸಿಕ್ಕರೆ ಒಳ್ಳೆಯದು. ತಾರೀಖನ್ನು ಸರ್ವಿಸ್ ಸೆಂಟರ್‌ಗೂ ಕಂಪನಿಗೂ ಮೊದಲೇ ತಿಳಿಸಿ, ಅವರ ಪ್ರತಿನಿಧಿಯನ್ನೂ ಕರೆಯಿರಿ. ಆಗ "ನಮ್ಮನ್ನು ಬಿಟ್ಟು ಬಿಚ್ಚಿದ್ದಾರೆ" ಅನ್ನಲಾಗದು. ಬಿಚ್ಚುವ ಕೂಲಿ ನೀವು ಕೊಟ್ಟರೂ, ತಯಾರಿಕೆಯ ದೋಷ ಅಂತಾದರೆ ಅದು ವಾಪಸ್ ಅಂತ ಬರೆಸಿಕೊಳ್ಳಿ. ಎಂಜಿನಿಯರ್ ಹತ್ತಿರ "ಇದು ಕಂಪನಿಯ ತಪ್ಪಾ" ಅಂತ ಕೇಳಬೇಡಿ. ಮೊದಲು ಸೋತ ಭಾಗ ಯಾವುದು, ಅದರಿಂದ ಮುಂದೆ ಏನೇನು ಹಾಳಾಯಿತು, ನಿಗದಿತ ಸರ್ವಿಸ್‌ನಿಂದ ಇದನ್ನು ತಡೆಯಬಹುದಿತ್ತೇ, ಹೊರಗಿನ ಸರ್ವಿಸ್‌ಗೂ ಇದಕ್ಕೂ ಸಂಬಂಧ ಕಾಣುತ್ತದೆಯೇ ಅಂತ ಕೇಳಿ. ಈ ನಾಲ್ಕಕ್ಕೂ ಅವರು ಕಾರಣ ಸಮೇತ ಉತ್ತರ ಬರೆಯಬೇಕು.

ಬೇರಿಂಗ್ ಶೆಲ್‌ಗಳನ್ನು (ತಿರುಗುವ ಶಾಫ್ಟಿನ ಸುತ್ತ ಕೂರುವ ಅರ್ಧ ಬಳೆಯಂಥ ಲೋಹದ ಪಟ್ಟಿಗಳು) ನಂಬರ್ ಹಾಕಿ ಸಾಲಾಗಿ ಜೋಡಿಸಿಡಲು ಹೇಳಿ. ಪಂಪಿನಿಂದ ಹೊರಟ ಆಯಿಲ್ ಸಾಮಾನ್ಯವಾಗಿ ಮೇನ್ ಬೇರಿಂಗ್‌ಗಳಿಗೆ ಹೋಗಿ, ಅಲ್ಲಿಂದ ಕ್ರ್ಯಾಂಕ್‌ಶಾಫ್ಟಿನೊಳಗೆ ಕೊರೆದ ತೂತುಗಳ ಮೂಲಕ ಕನೆಕ್ಟಿಂಗ್ ರಾಡ್‌ಗಳ ಬೇರಿಂಗ್ ತಲುಪುತ್ತದೆ. ಹಾಗಾಗಿ ಒತ್ತಡ ಕುಸಿದರೆ ಮೊದಲ ಪೆಟ್ಟು ರಾಡ್ ಬೇರಿಂಗ್‌ಗಳಿಗೆ. ಎಲ್ಲ ರಾಡ್ ಬೇರಿಂಗ್‌ಗಳೂ ಸವೆದು ತಾಮ್ರ ಕಾಣಿಸುತ್ತಿದ್ದು, ಕ್ಯಾಮ್ ಕವರ್ ಒಳಗೆ ಕಪ್ಪು ಅಂಟು ಗಟ್ಟಿಯಾಗಿ ಕೂತಿದ್ದರೆ ಆಯಿಲ್ ಬದಲಾಯಿಸಿಲ್ಲ ಅನ್ನುವ ಆರೋಪಕ್ಕೆ ಬಲ ಬರುತ್ತದೆ. ಒಂದೇ ಬೇರಿಂಗ್ ತನ್ನ ಜಾಗದಲ್ಲೇ ತಿರುಗಿ ಸುಟ್ಟು ನೀಲಿಗಟ್ಟಿ, ಪಕ್ಕದ ಮೂರೂ ಮಾಸಲು ಬೂದು ಬಣ್ಣದಲ್ಲಿ ಹಾಗೇ ಉಳಿದು, ಕವರ್ ಒಳಗೆ ತೆಳು ಕಂದು ಲೇಪ ಬಿಟ್ಟರೆ ಬೇರೇನೂ ಇಲ್ಲದಿದ್ದರೆ? ಕೆಟ್ಟ ಆಯಿಲ್ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದನ್ನೇ ಆರಿಸಿಕೊಂಡು ಕೆಡಿಸುವುದಿಲ್ಲ. ಅಲ್ಲಿ ಆ ಜರ್ನಲ್ಲಿನ (ಬೇರಿಂಗ್ ಒಳಗೆ ತಿರುಗುವ ಶಾಫ್ಟಿನ ಭಾಗ) ಆಯಿಲ್ ತೂತು, ಬೇರಿಂಗ್‌ನ ಸಡಿಲು, ತಯಾರಿಕೆಯಲ್ಲಿ ಉಳಿದ ಲೋಹದ ಚೂರು ಇವನ್ನು ಹುಡುಕಬೇಕು. ಸಂಪಿನೊಳಗಿನ ಪಿಕಪ್ ಜಾಲರಿಯ (ಪಂಪ್ ಆಯಿಲ್ ಎಳೆದುಕೊಳ್ಳುವ ಬಾಯಿಯ ಸೋಸುಬಲೆ) ಹತ್ತಿರದ ಫೋಟೊ ಮರೆಯಬೇಡಿ. ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಓಡುವ ಎಂಜಿನ್‌ಗಳಲ್ಲಿ ಬೆಲ್ಟಿನ ರಬ್ಬರ್ ಪುಡಿ ಈ ಜಾಲರಿ ಮುಚ್ಚಿ ಒತ್ತಡ ಕುಸಿಯಬಹುದು. ಬಾಗಿದ ರಾಡ್ ಕಂಡರೆ ಮಾತ್ರ ನೀರು ಒಳಗೆ ಹೋಗಿತ್ತೇ ಅಂತ ನಿಮ್ಮನ್ನೇ ಕೇಳುತ್ತಾರೆ, ನ್ಯಾಯವಾಗಿಯೇ.

ಹೊರಗಿನ ಸರ್ವಿಸ್ ಬಗ್ಗೆ ಅತಿ ಹೆದರಬೇಡಿ. ಬಿಲ್ಲಿನಲ್ಲಿ ತಾರೀಖು, ಕಿ.ಮೀ., ಆಯಿಲ್ ಗ್ರೇಡ್, ಫಿಲ್ಟರ್ ಪಾರ್ಟ್ ನಂಬರ್ ಇದ್ದು ಅದು ಕೈಪಿಡಿಗೆ ಹೊಂದಿದರೆ ಸಾಕು. ಬಿಲ್ಲಿನಲ್ಲಿ ಬರೀ "ಆಯಿಲ್ ಚೇಂಜ್" ಅಂತಿದ್ದರೆ ಆ ಗ್ಯಾರೇಜಿನಿಂದ ವಿವರ ಬರೆಸಿಕೊಳ್ಳಿ. 0ಡಬ್ಲ್ಯು-20 ಅಂತ ಗ್ರೇಡ್ ಮಾತ್ರ ಸರಿ ಇದ್ದರೆ ಸಾಲದು, ಕೈಪಿಡಿ ಹೇಳಿದ ಗುಣಮಟ್ಟದ ಮಾನದಂಡವೂ ಡಬ್ಬದ ಮೇಲಿನದ್ದೂ ಒಂದೇ ಇರಬೇಕು. 15,000 ಕಿ.ಮೀ.ಗೆ ಮಾಡಿಸಬೇಕಾದ್ದು 15,500ಕ್ಕೆ ಆಗಿದ್ದರೆ, "ಈ 500 ಕಿ.ಮೀ.ನಿಂದ ಈ ಬೇರಿಂಗ್ ಹೇಗೆ ಹೋಯಿತು, ಬರೆದು ಕೊಡಿ" ಅನ್ನಿ. ಸಾಮಾನ್ಯವಾಗಿ ಬರೆದು ಕೊಡುವುದಿಲ್ಲ. ಇಸಿಯು ರೀಮ್ಯಾಪ್ (ಹೆಚ್ಚು ಶಕ್ತಿಗಾಗಿ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದ್ದರೆ, ಅಥವಾ ಕೆಂಪು ಆಯಿಲ್ ದೀಪ ಉರಿದ ಮೇಲೂ ಓಡಿಸಿದ್ದರೆ, ಹೋರಾಟಕ್ಕೆ ಹಾಕುವ ದುಡ್ಡು ದಂಡ ಅಂತಲೇ ನನ್ನ ಅಭಿಪ್ರಾಯ. ಅದನ್ನು ಸ್ಕ್ಯಾನರ್ ಹಿಡಿಯುವ ಸಾಧ್ಯತೆ ಇದೆ.

ನಿಮ್ಮ ಎಂಜಿನ್ ಕೋಡ್‌ಗೆ ರೀಕಾಲ್, ವಿಸ್ತರಿಸಿದ ವಾರಂಟಿ, ಸರ್ವಿಸ್ ಬುಲೆಟಿನ್ (ಗೊತ್ತಿರುವ ತೊಂದರೆ ಬಗ್ಗೆ ಕಂಪನಿ ಸರ್ವಿಸ್ ಸೆಂಟರ್‌ಗಳಿಗೆ ಕಳಿಸುವ ಸೂಚನೆ) ಇದೆಯಾ ಅಂತ ಚಾಸಿ ನಂಬರ್ ಕೊಟ್ಟು ಕಂಪನಿಯನ್ನೇ ಕೇಳಿ. ಇದು ಕಾಟಾಚಾರದ ಪ್ರಶ್ನೆಯಲ್ಲ. ಪ್ಯೂಜೊ, ಸಿಟ್ರೊಯೆನ್ ಕಾರುಗಳ ಒಡೆತನದ ಸ್ಟೆಲಾಂಟಿಸ್ ತನ್ನ 1.2 ಪ್ಯೂರ್‌ಟೆಕ್ ಪೆಟ್ರೋಲ್ ಎಂಜಿನ್‌ಗಳ ಬೆಲ್ಟ್ ಸವೆತ ಮತ್ತು ಅತಿಯಾದ ಆಯಿಲ್ ಬಳಕೆಗೆ ಯೂರೋಪಿನಲ್ಲಿ 10 ವರ್ಷ ಅಥವಾ 1,75,000 ಕಿ.ಮೀ.ವರೆಗೆ ರಕ್ಷಣೆ ವಿಸ್ತರಿಸಿತು. ಹ್ಯುಂಡೈ ಮತ್ತು ಕಿಯಾ ತಮ್ಮ ಥೀಟಾ 2 ಎಂಜಿನ್‌ಗಳ ರಾಡ್ ಬೇರಿಂಗ್ ತೊಂದರೆಗೆ ಅಮೆರಿಕದಲ್ಲಿ ಶಾರ್ಟ್ ಬ್ಲಾಕ್‌ಗೆ (ಕ್ರ್ಯಾಂಕ್, ರಾಡ್, ಪಿಸ್ಟನ್ ಇರುವ ಎಂಜಿನ್ನಿನ ಕೆಳಭಾಗ) ಜೀವಮಾನ ವಾರಂಟಿ ಕೊಟ್ಟವು. ಎರಡೂ ಕಡೆ ಮೂಲ ವಾರಂಟಿ ಮುಗಿದವರಿಗೂ ಅನುಕೂಲವಾಗಿದೆ. ಕೆಟ್ಟ ಭಾಗದ ಪಾರ್ಟ್ ನಂಬರ್ ಈಚೆಗೆ ಬದಲಾಗಿದೆಯಾ ಅಂತಲೂ ಪಾರ್ಟ್ಸ್ ಕ್ಯಾಟಲಾಗಿನಲ್ಲಿ ನೋಡಿಸಿ. ಕೊನೆಯ ಅಕ್ಷರ ಬದಲಾಗಿದ್ದ ಮಾತ್ರಕ್ಕೆ ದೋಷ ಸಾಬೀತಾಗದು, ಆದರೆ "ಯಾಕೆ ಬದಲಾಯಿಸಿದಿರಿ" ಅನ್ನುವುದು ಅವರಿಗೆ ಇಷ್ಟವಿಲ್ಲದ ಪ್ರಶ್ನೆ.

ವರದಿ ಕೈಗೆ ಬಂದ ಮೇಲೆ ಕಂಪನಿಗೆ ಪತ್ರ. ಒಂದೇ ಪುಟ, ಘಟನೆಗಳು ತಾರೀಖಿನ ಕ್ರಮದಲ್ಲಿ, ಬಯ್ಗುಳ ಬೇಡ. ಬೇಡಿಕೆ ಹೀಗಿರಲಿ: "ಲಗತ್ತಿಸಿದ ವರದಿಯ ಪ್ರಕಾರ ಮೂರನೇ ರಾಡ್ ಬೇರಿಂಗ್ ಮೊದಲು ವಿಫಲವಾಗಿದೆ, ನಿರ್ವಹಣೆಯ ಲೋಪ ಕಂಡುಬಂದಿಲ್ಲ. ಬಿಡಿಭಾಗ ಮತ್ತು ಕೂಲಿಯ ಒಟ್ಟು ವೆಚ್ಚದಲ್ಲಿ ಶೇ. 70ನ್ನು ಭರಿಸಬೇಕೆಂದು ಕೋರುತ್ತೇನೆ. 14 ದಿನಗಳೊಳಗೆ ಲಿಖಿತ ಉತ್ತರ ಕೊಡಿ. ನಿರಾಕರಿಸುವುದಾದರೆ ತಾಂತ್ರಿಕ ಕಾರಣ ತಿಳಿಸಿ." ಮೊತ್ತಕ್ಕೆ ಲೆಕ್ಕ ತೋರಿಸಿ. ಆ ಎಂಜಿನ್ 2,40,000 ಕಿ.ಮೀ. ಬಾಳಬೇಕಿತ್ತು ಅಂತ ಹಿಡಿದರೆ ನೀವು ಬಳಸಿದ್ದು ಶೇ. 30. ಶೇ. 70 ಕೇಳಿದವರ ಮಾತಿಗೆ ಪೂರ್ತಿ ಹೊಸ ಎಂಜಿನ್, ಜೊತೆಗೆ ಮಾನಸಿಕ ಹಿಂಸೆಯ ಪರಿಹಾರ ಕೇಳಿದವರಿಗಿಂತ ಹೆಚ್ಚು ತೂಕ.

ಅವರು ಗುಡ್‌ವಿಲ್ ಅಂತ ಸ್ವಲ್ಪ ಭಾಗ ಕೊಡಲು ಬರಬಹುದು. ಅದು ಅವರ ಮರ್ಜಿ, ನಿಮ್ಮ ಕಾನೂನಿನ ಹಕ್ಕು ಬೇರೆ. "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಅನ್ನುವ ಸಾಲಿಗೆ ಸಹಿ ಹಾಕಿದರೆ ಆ ಹಕ್ಕು ಅಲ್ಲಿಗೆ ಮುಗಿಯಬಹುದು, ಓದದೆ ಸಹಿ ಬೇಡ. ಒಪ್ಪದಿದ್ದರೆ ವಕೀಲರ ನೋಟಿಸ್, ಆಮೇಲೆ ಗ್ರಾಹಕರ ದೂರು ಕೇಳುವ ನ್ಯಾಯಪೀಠ. ಮಾರಿದವರನ್ನೂ ತಯಾರಿಸಿದವರನ್ನೂ ಇಬ್ಬರನ್ನೂ ಪ್ರತಿವಾದಿ ಮಾಡುವುದು ಸುರಕ್ಷಿತ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ದೂರಿಗೆ ಕಾಲಮಿತಿ ಇರುತ್ತದೆ. ಪತ್ರ ವ್ಯವಹಾರದಲ್ಲಿ ಅದು ಕಳೆದುಹೋಗದಂತೆ ಮೊದಲ ವಾರವೇ ವಕೀಲರಿಂದ ತಾರೀಖು ಕೇಳಿಟ್ಟುಕೊಳ್ಳಿ.

ಕೊನೆಗೆ ಯಾರ ದುಡ್ಡಿನಲ್ಲೇ ಎಂಜಿನ್ ಬದಲಾಗಲಿ, ಎಸ್ಟಿಮೇಟಿನಲ್ಲಿ ಆಯಿಲ್ ಕೂಲರ್, ಟರ್ಬೊ ಮತ್ತು ಅದರ ಆಯಿಲ್ ಪೈಪ್‌ಗಳ ಹೆಸರಿದೆಯಾ ನೋಡಿ. ಬೇರಿಂಗ್ ಸವೆದ ಲೋಹದ ಚೂರು ಅಲ್ಲೆಲ್ಲ ಸೇರಿರುತ್ತದೆ, ಕೂಲರ್ ತೊಳೆದರೂ ಪೂರ್ತಿ ಹೋಗುವುದಿಲ್ಲ. ಹಳೆಯದನ್ನೇ ಕೂರಿಸಿದರೆ ಹೊಸ ಬೇರಿಂಗ್‌ಗೂ ಅದೇ ಗತಿ, ಆಗ ಹೊಸ ಎಂಜಿನ್ನಿನ ವಾರಂಟಿಯನ್ನೂ ನಿರಾಕರಿಸುತ್ತಾರೆ. ಆ ವಾರಂಟಿ ಎಷ್ಟು ತಿಂಗಳು, ಎಷ್ಟು ಕಿ.ಮೀ., ಕೂಲಿಯೂ ಸೇರಿದೆಯಾ ಅನ್ನುವುದು ಬಿಲ್ಲಿನ ಮೇಲೇ ಇರಲಿ.