ಅಪ್ಪನ ಅಂದಾಜು, ಮಗಳ ಲೆಕ್ಕ

ಪ್ರಶ್ನೆ: ಕಾರವಾರದ ಬೈತಖೋಲ ಬಂದರಿನಲ್ಲಿ ನಮ್ಮದೊಂದು ಪರ್ಸಿನ್ ಬೋಟ್ (ಮೀನಿನ ಹಿಂಡನ್ನು ದೊಡ್ಡ ಬಲೆಯಿಂದ ಸುತ್ತುಗಟ್ಟಿ ಹಿಡಿಯುವ ದೋಣಿ) ಇದೆ. ಚಿಕ್ಕಂದಿನಿಂದಲೂ ಕಡಲಿಗೆ ಇಳಿಯುತ್ತಿರುವ ಅಪ್ಪ ಈಗ ಮನೆಯನ್ನು ಅಡವಿಟ್ಟು ಎರಡನೆಯ ಬೋಟ್ ಕೊಳ್ಳಲು ಹೊರಟಿದ್ದಾರೆ. ಮನೆ ಇಬ್ಬರ ಹೆಸರಿನಲ್ಲಿರುವುದರಿಂದ ನನ್ನ ಸಹಿ ಬೇಕು. ಲೆಕ್ಕ ಬರೆಯುವುದೇ ನನ್ನ ಉದ್ಯೋಗ. ಎಷ್ಟು ಸಲ ಕೂಡಿ ಕಳೆದರೂ ಕಂತಿಗೆ ಹಣ ಸಾಲುವುದಿಲ್ಲ. ‘ಕಡಲಿನಲ್ಲಿ ನನ್ನ ಮನಸ್ಸು ಎಂದೂ ಸುಳ್ಳು ಹೇಳಿಲ್ಲ, ಈಗಲೂ ಹೇಳುವುದಿಲ್ಲ’ ಎನ್ನುತ್ತಾರೆ ಅಪ್ಪ. ಯಾವುದನ್ನು ನಂಬಲಿ?

ಉತ್ತರ: ನಿಮ್ಮ ತಂದೆಯವರ ಮಾತಿನ ಮೊದಲರ್ಧವನ್ನು ನಾನು ಅನುಮಾನವಿಲ್ಲದೆ ಒಪ್ಪುತ್ತೇನೆ. ಎರಡನೆಯ ಅರ್ಧವನ್ನು ಒಪ್ಪಲು ಬೇರೆಯೇ ಆಧಾರ ಬೇಕು.

ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 1980ರ ದಶಕದಲ್ಲಿ ಅಗ್ನಿಶಾಮಕ ದಳಗಳ ಮುಖ್ಯಸ್ಥರನ್ನು ಅಧ್ಯಯನ ಮಾಡಿದರು. ಅನುಭವಿಗಳಾದ ಅವರು ನಾಲ್ಕಾರು ದಾರಿಗಳನ್ನು ತೂಗಿ ನೋಡುತ್ತಿರಲಿಲ್ಲ. ಎದುರಿನ ಬೆಂಕಿಯಲ್ಲಿ ಹಿಂದೆ ಕಂಡ ಬೆಂಕಿಯ ಗುರುತು ಹಿಡಿದು, ಮೊದಲು ಹೊಳೆದ ಉಪಾಯವನ್ನೇ ಮಾಡುತ್ತಿದ್ದರು. ನೀರಿನ ಬಣ್ಣವನ್ನೂ ಹಕ್ಕಿಗಳು ಎರಗುವ ಬಗೆಯನ್ನೂ ನೋಡಿ ಬಂಗಡೆ ಎಲ್ಲಿದೆಯೆಂದು ಹೇಳುವ ನಿಮ್ಮ ತಂದೆಯವರದೂ ಅದೇ ಬಗೆಯ ತಿಳಿವಳಿಕೆ. ಅಂತಃಪ್ರಜ್ಞೆಯ ತಪ್ಪುಗಳನ್ನೇ ಶೋಧಿಸುತ್ತ ಬಂದು 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾನ್ಮನ್ ಮತ್ತು ಅಂತಃಪ್ರಜ್ಞೆಯ ಪಕ್ಷಪಾತಿಯಾದ ಕ್ಲೈನ್ 2009ರಲ್ಲಿ ಜೊತೆಯಾಗಿ ಒಂದು ಲೇಖನ ಬರೆದರು. ಜಗಳವಾಡಬೇಕಿದ್ದವರು ಬಹುಪಾಲು ಒಪ್ಪಿಕೊಂಡದ್ದು ನನಗೆ ಇಂದಿಗೂ ಸೋಜಿಗ. ಅವರ ಪ್ರಕಾರ, ಒಳಮನಸ್ಸನ್ನು ನಂಬಬೇಕಾದರೆ ಆ ಕ್ಷೇತ್ರದಲ್ಲಿ ಕಲಿಯಬಹುದಾದ ಒಂದು ಕ್ರಮವಿರಬೇಕು, ಮತ್ತು ತೀರ್ಮಾನ ಸರಿಯೋ ತಪ್ಪೋ ಎಂಬುದು ಮತ್ತೆ ಮತ್ತೆ ತಿಳಿಯುತ್ತ ಬಂದಿರಬೇಕು. ಎಷ್ಟು ಗಟ್ಟಿಯಾಗಿ ಅನ್ನಿಸುತ್ತದೆ ಎಂಬುದು ಪ್ರಮಾಣವಾಗದು.

ಬಲೆ ಬೀಸಿದ ದಿನವೇ ಕಡಲು ಉತ್ತರ ಕೊಡುತ್ತದೆ. ಸಾಲ ಹಾಗಲ್ಲ. ಡೀಸೆಲ್ ದರ, ಮೀನಿನ ಬೆಲೆ, ಕಲಾಸಿಗಳು (ಬೋಟಿನ ಕೆಲಸಗಾರರು) ಸಿಗುವುದು, ಬಿಡುವುದು, ಇವು ವರ್ಷಗಳ ಮೇಲೆ ಫಲ ತೋರಿಸುವ ಸಂಗತಿಗಳು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿದ್ದರೂ ಬಡ್ಡಿಗೆ ರಜೆಯಿಲ್ಲ. ಮನೆ ಅಡವಿಡುವ ತೀರ್ಮಾನವನ್ನು ಪಳಗುವಷ್ಟು ಸಲ ಯಾರೂ ಮಾಡಿರುವುದಿಲ್ಲ.

ಆದರೆ ನಿಮ್ಮ ಲೆಕ್ಕವೂ ಪರಿಶುದ್ಧ ವಿವೇಕವೆಂದು ಭಾವಿಸಬೇಡಿ. ಅಷ್ಟೇ ಮೊತ್ತದ ಲಾಭಕ್ಕಿಂತ ನಷ್ಟವು ಮನಸ್ಸಿಗೆ ಹೆಚ್ಚು ಭಾರವೆನಿಸುತ್ತದೆ ಎಂಬುದು ಕಾನ್ಮನ್ ಮತ್ತು ಅವರ ಸಹಸಂಶೋಧಕ ಏಮಸ್ ಟ್ವರ್ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತದ ಒಂದು ಮುಖ್ಯ ಅಂಶ. ಬಂಗಡೆ ಬಾರದ ವರ್ಷವನ್ನೇ ಎಲ್ಲ ವರ್ಷಗಳಿಗೂ ಹಿಡಿದು ಬರೆದಿದ್ದರೆ, ಆ ಹಾಳೆಯಲ್ಲಿರುವುದು ಅಂಕಿಯ ವೇಷ ತೊಟ್ಟ ನಿಮ್ಮ ಭಯ. ಈಗಿನ ಬೋಟಿನ ಹಿಂದಿನ ವರ್ಷಗಳ ನಿಜವಾದ ವರಮಾನವನ್ನು, ಒಳ್ಳೆಯದನ್ನೂ ಕೆಟ್ಟದ್ದನ್ನೂ, ತಂದೆಯವರ ಬಾಯಿಂದಲೇ ಕೇಳಿ ಬರೆಯಿರಿ. ಅನಂತರ ಇಬ್ಬರೂ ಬಂದರಿಗೆ ಹೋಗಿ, ಸಾಲ ಮಾಡಿ ಎರಡನೆಯ ಬೋಟ್ ಇಳಿಸಿದವರಲ್ಲಿ ಎಷ್ಟು ಮಂದಿ ಇಂದಿಗೂ ಅದನ್ನು ನಡೆಸುತ್ತಿದ್ದಾರೆಂದು ವಿಚಾರಿಸಿ. ಮಾರಿ ಕೈತೊಳೆದುಕೊಂಡವರು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅವರನ್ನು ಹುಡುಕಿಯೇ ಕೇಳಬೇಕು.

ಕ್ಲೈನ್ ಅವರದೇ ಇನ್ನೊಂದು ಉಪಾಯ ನಿಮ್ಮ ಮನೆಗೆ ಒಗ್ಗೀತು. ‘ಮೂರು ವರ್ಷ ಕಳೆದಿದೆ, ಬೋಟ್ ಮಾರಿಹೋಗಿದೆ ಎಂದು ಇಟ್ಟುಕೊಳ್ಳೋಣ, ಹೇಗಾಯಿತು, ಹೇಳಿ ಅಪ್ಪ’ ಎಂದು ಕೇಳಿ. ‘ಬೇಡ’ ಎಂದರೆ ಹಟಕ್ಕೆ ಬೀಳುವ ಹಿರಿಯರು ಇಂಥ ಪ್ರಶ್ನೆಗೆ ತಮ್ಮ ಅನುಭವವನ್ನೆಲ್ಲ ಬಿಚ್ಚುತ್ತಾರೆ, ಮತ್ತು ಎಂಜಿನ್, ಬಲೆ, ಬೋಟ್ ನಡೆಸುವ ತಾಂಡೇಲ ಎಲ್ಲಿ ಕೈಕೊಡಬಹುದೆಂದು ಅವರಷ್ಟು ನೀವು ಊಹಿಸಲಾರಿರಿ.

ಇಷ್ಟಾಗುವವರೆಗೆ ಸಹಿ ಹಾಕಬೇಡಿ. ಇದನ್ನು ಹೇಳಲು ನನಗೆ ಹಿಂಜರಿಕೆಯಿಲ್ಲ. ಬೋಟ್ ಕೊಳ್ಳುವುದು ಒಂದು ಪ್ರಶ್ನೆ, ಮನೆ ಅಡವಿಡುವುದು ಇನ್ನೊಂದು. ಪರಿಚಿತರೊಡನೆ ಪಾಲುದಾರಿಕೆಯಲ್ಲಿ ಬೋಟ್ ಸಿಗುವುದಾದರೆ ಮೀನಿನ ಅಂದಾಜನ್ನೂ ಬೋಟಿನ ಆಯ್ಕೆಯನ್ನೂ ಪೂರ್ತಿಯಾಗಿ ತಂದೆಯವರಿಗೇ ಬಿಡಿ. ಬೋಟ್ ದಡದಲ್ಲಿರುವ ಮಳೆಗಾಲದ ಎರಡು ತಿಂಗಳಲ್ಲಿ ಈ ಮಾತುಕತೆಗೆ ಕುಳಿತರೆ ಅವರಿಗೂ ಪುರುಸೊತ್ತಿರುತ್ತದೆ.