ಓದುಗರ ಪ್ರಶ್ನೆ: ಇಬ್ಬರ ರುಚಿ ಎಷ್ಟು ಹತ್ತಿರ?

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟಿಗೆ ಮೂವಿಲೆನ್ಸ್ 100ಕೆ ಎಂಬ ಸಿನಿಮಾ ರೇಟಿಂಗ್‌ಗಳ ದತ್ತಾಂಶ ಮತ್ತು ಪೈಥಾನಿನ ಸರ್‌ಪ್ರೈಸ್ ಲೈಬ್ರರಿ ಬಳಸಿ ಸಿನಿಮಾ ಶಿಫಾರಸು ವ್ಯವಸ್ಥೆ ಮಾಡುತ್ತಿದ್ದೇವೆ. ಕೊಸೈನ್, ಪಿಯರ್ಸನ್ ಎಂಬ ಸಿದ್ಧ ಅಳತೆಗಳನ್ನು ಬಿಟ್ಟು ನಮ್ಮದೇ ಹೋಲಿಕೆಯ ಅಳತೆಯನ್ನು ಎಲ್ಲಿ ಸೇರಿಸಬೇಕು? ಪ್ರಯೋಗಕ್ಕೆ ಬರೆದ ಪಿಯರ್ಸನ್ ಕೋಡಿನಲ್ಲಿ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರ ನಡುವೆಯೂ ಹೋಲಿಕೆ 1 (ಅಂದರೆ ಪೂರ್ತಿ ಒಂದೇ ರುಚಿ) ಬರುತ್ತಿದೆ. ಯಾಕೆ?

ಉತ್ತರ: ಎರಡನೆಯದನ್ನು ಮೊದಲು ನೋಡೋಣ. ಈ ದತ್ತಾಂಶದಲ್ಲಿ 943 ಬಳಕೆದಾರರು, 1,682 ಸಿನಿಮಾಗಳು, 1 ಲಕ್ಷ ರೇಟಿಂಗ್‌ಗಳಿವೆ. ಅಂದರೆ ಬಳಕೆದಾರರನ್ನು ಸಾಲಿಗೆ, ಸಿನಿಮಾಗಳನ್ನು ಕಂಬಕ್ಕೆ ಇಟ್ಟ ಪಟ್ಟಿಯ ನೂರು ಮನೆಗಳಲ್ಲಿ ತುಂಬಿರುವುದು ಸುಮಾರು 6 ಮಾತ್ರ. ಹಾಗಾಗಿ ಎಷ್ಟೋ ಜೋಡಿಗಳಿಗೆ ಇಬ್ಬರೂ ನೋಡಿದ ಸಿನಿಮಾ ಎರಡೋ ಮೂರೋ ಇರುತ್ತವೆ. ಎರಡು ಬಿಂದುಗಳ ನಡುವೆ ಸರಳರೇಖೆ ಎಳೆಯಲು ಯಾವಾಗಲೂ ಆಗುತ್ತದಲ್ಲ, ಹಾಗೆಯೇ ಎರಡೇ ಸಿನಿಮಾ ಸಮಾನವಾಗಿದ್ದರೆ ಪಿಯರ್ಸನ್ ಲೆಕ್ಕ +1 ಅಥವಾ −1 ಬಿಟ್ಟು ಬೇರೇನೂ ಹೇಳಲಾರದು. ಕೊಸೈನ್ ಇನ್ನೂ ಮೋಸ: ಒಂದೇ ಸಿನಿಮಾ ಸಮಾನವಾಗಿದ್ದು, ಒಬ್ಬರು 5 ಕೊಟ್ಟು ಇನ್ನೊಬ್ಬರು 1 ಕೊಟ್ಟಿದ್ದರೂ ಉತ್ತರ 1!

ಮದ್ದು ಹಳೆಯದು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಗ್ರೂಪ್‌ಲೆನ್ಸ್ ತಂಡದವರು 1999ರ ಪ್ರಬಂಧದಲ್ಲಿ ಹೇಳಿದಂತೆ, ಸಮಾನ ಸಿನಿಮಾಗಳ ಸಂಖ್ಯೆ 50ಕ್ಕಿಂತ ಕಡಿಮೆಯಿದ್ದರೆ ಆ ಸಂಖ್ಯೆಯನ್ನು 50ರಿಂದ ಭಾಗಿಸಿ ಹೋಲಿಕೆಗೆ ಗುಣಿಸಿ. ಎರಡೇ ಸಿನಿಮಾದಿಂದ ಬಂದ 1 ಆಗ 0.04ಕ್ಕೆ ಇಳಿಯುತ್ತದೆ, ನೆರೆಯವರ (ರುಚಿ ಹತ್ತಿರವಿರುವವರ) ಪಟ್ಟಿಯ ತಲೆಯಲ್ಲಿ ಕೂರುವುದಿಲ್ಲ.

ಇನ್ನು ಸೇರಿಸುವ ಜಾಗ. ಅಳತೆಯ ಹೆಸರು ಕೊಡುವ ಆಯ್ಕೆಯಲ್ಲಿ ಲೈಬ್ರರಿಗೆ ಗೊತ್ತಿರುವ ಹೆಸರುಗಳಷ್ಟೇ ನಡೆಯುತ್ತವೆ. ಅದರ ಬದಲು ಕೆಎನ್‌ಎನ್ (ಹತ್ತಿರದ ನೆರೆಯವರ ರೇಟಿಂಗಿನಿಂದ ಊಹಿಸುವ ವಿಧಾನ) ಕ್ಲಾಸಿನಿಂದ ನಿಮ್ಮ ಕ್ಲಾಸನ್ನು ಇಳಿಸಿಕೊಂಡು, ‘ಕಂಪ್ಯೂಟ್ ಸಿಮಿಲಾರಿಟೀಸ್’ ಮೆಥಡ್ಡನ್ನು ಮತ್ತೆ ಬರೆಯಿರಿ. ಅದು ಬಳಕೆದಾರರ ಸಂಖ್ಯೆಯಷ್ಟೇ ಉದ್ದ, ಅಷ್ಟೇ ಅಗಲದ ಚೌಕ ಕೋಷ್ಟಕವನ್ನು ಹಿಂದಿರುಗಿಸಿದರೆ ಸಾಕು, ಉಳಿದ ಕೆಲಸವನ್ನು ಲೈಬ್ರರಿ ನೋಡಿಕೊಳ್ಳುತ್ತದೆ. ಕೋಷ್ಟಕ ಸಮ್ಮಿತಿಯಾಗಿರಲಿ: ಅರ್ಧ ಲೆಕ್ಕ ಹಾಕಿ ಇನ್ನರ್ಧಕ್ಕೆ ನಕಲು ಮಾಡಿ.

ಇಲ್ಲಿ ಎರಡು ಹಳ್ಳಗಳಿವೆ. ಮೊದಲನೆಯದು ಗುರುತಿನ ಸಂಖ್ಯೆ. ಲೈಬ್ರರಿ ಒಳಗೆ ತನ್ನದೇ ಕ್ರಮಸಂಖ್ಯೆ ಕೊಡುತ್ತದೆ. ಪೂರ್ತಿ ಫೈಲನ್ನು ಹಾಗೇ ಓದಿಸಿದರೆ ಮೊದಲ ಸಾಲಿನ 196ನೇ ಬಳಕೆದಾರರು ಒಳಗೆ 0 ಆಗುತ್ತಾರೆ. ನೀವು ವಯಸ್ಸು, ವೃತ್ತಿಯನ್ನು ಬೇರೆ ಫೈಲಿನಿಂದ ತರುವಾಗ ಒಳಸಂಖ್ಯೆಯನ್ನು ಮೂಲ ಸಂಖ್ಯೆಗೆ ತಿರುಗಿಸದಿದ್ದರೆ ಒಬ್ಬರ ವಯಸ್ಸು ಇನ್ನೊಬ್ಬರ ತಲೆಗೆ ಕಟ್ಟಿದಂತೆ. ಎರರ್ ಬರುವುದಿಲ್ಲ, ಕೋಡ್ ನಗುನಗುತ್ತಾ ಓಡುತ್ತದೆ. ಮೂಲ ಸಂಖ್ಯೆ ಸ್ಟ್ರಿಂಗ್ ಆಗಿರುತ್ತದೆಂಬುದೂ ನೆನಪಿರಲಿ. ಎರಡನೆಯದು ಶೂನ್ಯದಿಂದ ಭಾಗಾಕಾರ. ಸಮಾನ ಸಿನಿಮಾ ಒಂದೇ ಇದ್ದರೆ, ಇಲ್ಲವೇ ಒಬ್ಬರು ಎಲ್ಲಕ್ಕೂ 4 ಕೊಟ್ಟಿದ್ದರೆ, ಪಿಯರ್ಸನ್‌ನ ಛೇದ 0 ಆಗಿ ‘ನ್ಯಾನ್’ (ಸಂಖ್ಯೆಯೇ ಅಲ್ಲದ ಉತ್ತರ) ಬರಬಹುದು. ನ್ಯಾನ್ ಯಾವುದಕ್ಕೆ ಹೋಲಿಸಿದರೂ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ, ಹಾಗಾಗಿ ಅತಿ ಹತ್ತಿರದ 40 ಜನರನ್ನು ಆರಿಸುವ ಹಂತವೇ ಕೆಡುತ್ತದೆ. ಅಂಥ ಕಡೆ 0 ಇಡಿ.

ಪ್ರಶ್ನೆ: ವಯಸ್ಸು, ವೃತ್ತಿಗಳ ಹೋಲಿಕೆಯನ್ನು ರೇಟಿಂಗ್ ಹೋಲಿಕೆಯ ಜೊತೆ ಅರ್ಧ–ಅರ್ಧ ಬೆರೆಸಿದರೆ ಆಗದೇ?

ಉತ್ತರ: ಆಗದು. 200 ಸಿನಿಮಾ ಸಮಾನವಾಗಿರುವ ಇಬ್ಬರ ವಿಷಯದಲ್ಲಿ ವಯಸ್ಸಿನ ಮಾತು ಯಾರಿಗೆ ಬೇಕು? ಸಮಾನ ಸಿನಿಮಾ ಒಂದೂ ಇಲ್ಲದವರಿಗೆ ಇರುವುದು ಅದೊಂದೇ. ಆದ್ದರಿಂದ ತೂಕ ಬದಲಾಗಲಿ: ಸಮಾನ ಸಿನಿಮಾಗಳ ಸಂಖ್ಯೆ n ಆದರೆ ರೇಟಿಂಗ್ ಹೋಲಿಕೆಗೆ n/(n+10), ಉಳಿದದ್ದು ವಿವರಗಳಿಗೆ. n 0 ಆದಾಗ ರೇಟಿಂಗಿನ ಪಾಲು ಸೊನ್ನೆ, 10ಕ್ಕೆ ಅರ್ಧ, 40ಕ್ಕೆ 0.8. ಹೀಗೆ ಬೆರೆಸುವಾಗ 50ರ ಭಾಗಾಕಾರವನ್ನು ಬಿಡಿ, ಒಂದೇ ತಪ್ಪಿಗೆ ಎರಡು ದಂಡ ಬೇಡ. ಬದಲಾಗಿ ಆ 10ನ್ನು 5, 20, 50 ಎಂದು ಬದಲಿಸಿ ನೋಡಿ.

ವಯಸ್ಸಿನ ವ್ಯತ್ಯಾಸ d ಆದರೆ e^(−d/10) ಸಾಕು, 10 ವರ್ಷಕ್ಕೆ ಸುಮಾರು 0.37 ಬರುತ್ತದೆ. ಆದರೆ ಇದು ಯಾವತ್ತೂ ಋಣ ಆಗುವುದಿಲ್ಲ, ಪಿಯರ್ಸನ್ ಆಗುತ್ತದೆ. ಹಾಗೇ ಕೂಡಿಸಿದರೆ ಎಲ್ಲರೂ ಎಲ್ಲರಿಗೂ ಸ್ವಲ್ಪ ನೆಂಟರಾಗಿಬಿಡುತ್ತಾರೆ. ವಿವರಗಳ ಹೋಲಿಕೆಯಿಂದ ಅದರದೇ ಸರಾಸರಿಯನ್ನು ಕಳೆದು ಆಮೇಲೆ ಬೆರೆಸಿ.

ವೃತ್ತಿಗಳ 21 ಹೆಸರುಗಳಲ್ಲಿ ‘ಇತರ’ ಎಂಬುದೂ ಒಂದು. ಇಬ್ಬರು ‘ಇತರ’ರು ಒಂದೇ ಥರದವರಲ್ಲ, ಅದಕ್ಕೆ ಅಂಕ ಕೊಡಬೇಡಿ. ಅಮೆರಿಕದ ಜಿಪ್ ಕೋಡನ್ನು ಸಂಖ್ಯೆಯೆಂದು ಕಳೆಯಲೂ ಬೇಡಿ. ಅದು ನಮ್ಮ ಪಿನ್ ಕೋಡಿನಂತೆಯೇ: ಹುಬ್ಬಳ್ಳಿ, ಧಾರವಾಡ ಎರಡಕ್ಕೂ ಮೊದಲ ಮೂರಂಕಿ 580 ಎಂಬುದಕ್ಕೆ ಅರ್ಥವಿದೆ, ಕೊನೆಯ ಅಂಕಿಗಳ ವ್ಯತ್ಯಾಸದಿಂದ ದೂರ ತಿಳಿಯದು.

ಪ್ರಶ್ನೆ: ಎಲ್ಲರೂ ನೋಡಿರುವ ಸಿನಿಮಾಗಳೇ ಹೋಲಿಕೆಯನ್ನು ತೀರ್ಮಾನಿಸುವಂತಿದೆ.

ಉತ್ತರ: ಹೌದು, ಅವಕ್ಕೆ ತೂಕ ಇಳಿಸಿ. ಒಟ್ಟು ಬಳಕೆದಾರರನ್ನು ಆ ಸಿನಿಮಾಕ್ಕೆ ರೇಟಿಂಗ್ ಕೊಟ್ಟವರಿಂದ ಭಾಗಿಸಿ e ಆಧಾರದ ಲಾಗರಿದಮ್ ತೆಗೆಯಿರಿ. ಈ ದತ್ತಾಂಶದಲ್ಲಿ ‘ಸ್ಟಾರ್ ವಾರ್ಸ್’ಗೆ 583 ಜನರ ರೇಟಿಂಗ್ ಇದೆ, ತೂಕ 0.48. 10 ಜನ ಮಾತ್ರ ನೋಡಿದ್ದಕ್ಕೆ 4.55. ಈ ಎಣಿಕೆ ದತ್ತಾಂಶದ ತರಬೇತಿಯ ಭಾಗದಿಂದಷ್ಟೇ ಬರಲಿ, ಪರೀಕ್ಷೆಗೆ ಎತ್ತಿಟ್ಟ ಭಾಗದಿಂದ ಬೇಡ.

ಪ್ರಶ್ನೆ: ಬಳಕೆದಾರರು 1 ಲಕ್ಷವಾದರೆ?

ಉತ್ತರ: ಚೌಕ ಕೋಷ್ಟಕದಲ್ಲಿ 1,000 ಕೋಟಿ ಮನೆ, ತಲಾ 4 ಬೈಟ್ ಅಂದರೂ 40 ಜಿಬಿ. ಆ ದಾರಿ ಬಿಡಿ. ಪ್ರತಿ ಸಿನಿಮಾಕ್ಕೂ ನೋಡಿದವರ ಪಟ್ಟಿ ಇಟ್ಟುಕೊಂಡು, ಒಂದಾದರೂ ಸಮಾನ ಸಿನಿಮಾ ಇರುವ ಜೋಡಿಗಳಿಗಷ್ಟೇ ಲೆಕ್ಕ ಹಾಕಿ, ಒಬ್ಬೊಬ್ಬರಿಗೆ 40–50 ನೆರೆಯವರನ್ನು ಮಾತ್ರ ಉಳಿಸಿ.

ಪ್ರಶ್ನೆ: ನಮ್ಮ ಅಳತೆ ಹಾಕಿದ ಮೇಲೆ ಆರ್‌ಎಂಎಸ್‌ಇ (ಊಹೆಯ ತಪ್ಪಿನ ಅಳತೆ, ಕಡಿಮೆಯಾದಷ್ಟೂ ಒಳ್ಳೆಯದು) 0.98ರಿಂದ 0.95ಕ್ಕೆ ಇಳಿಯಿತು. ಗೆದ್ದಂತೆಯೇ?

ಉತ್ತರ: ನಿಮ್ಮ ಕ್ಲಾಸನ್ನು ಯಾವುದರಿಂದ ಇಳಿಸಿಕೊಂಡಿರಿ ಎಂದು ಮೊದಲು ನೋಡಿ. ಸರ್‌ಪ್ರೈಸ್‌ನ ದಾಖಲೆಯಲ್ಲೇ ಇದೇ ದತ್ತಾಂಶಕ್ಕೆ ಕೆಎನ್‌ಎನ್‌ಬೇಸಿಕ್ 0.98, ಕೆಎನ್‌ಎನ್‌ವಿತ್‌ಮೀನ್ಸ್ 0.951 ಎಂದಿದೆ. ಎರಡರಲ್ಲೂ ಹೋಲಿಕೆಯ ಅಳತೆ ಒಂದೇ. ಇಳಿದದ್ದು ಒಬ್ಬೊಬ್ಬರ ಸರಾಸರಿಯನ್ನು ಕಳೆದದ್ದರಿಂದ: ಕೆಲವರು ಕೈಬಿಚ್ಚಿ 5 ಕೊಡುತ್ತಾರೆ, ಕೆಲವರಿಗೆ 3 ಕೊಡುವುದೇ ಕಷ್ಟ. ನೀವು ಎರಡನೆಯ ಕ್ಲಾಸಿನಿಂದ ಇಳಿಸಿಕೊಂಡಿದ್ದರೆ ಆ ಗೆಲುವು ಸರಾಸರಿಯದ್ದಿರಬಹುದು. ಪರೀಕ್ಷೆಗೆ ದತ್ತಾಂಶವನ್ನು ಹಂಚಿದ ಅದೇ 5 ಭಾಗಗಳ ಮೇಲೆ, ಹಂಚಿಕೆಗೆ ಅದೇ ಬೀಜಸಂಖ್ಯೆ (ರಾಂಡಮ್ ಸೀಡ್) ಇಟ್ಟು, ಕೆಎನ್‌ಎನ್‌ವಿತ್‌ಮೀನ್ಸ್ ಅನ್ನು ಅದರ ಮೂಲ ಅಳತೆಯೊಂದಿಗೆ ಒಮ್ಮೆ ಓಡಿಸಿ, ಅದರ ಪಕ್ಕದಲ್ಲಿ ನಿಮ್ಮ ಅಂಕಿಯನ್ನು ಇಟ್ಟು ನೋಡಿ.